ಹೊನ್ನಿ ತಿರುಗಿದ ದಿಕ್ಕು

ಗುರುತು ಮಾರಪ್ಪನ ಮಾತು ಕಟ್ಟಿಕೊಂಡು ನಾನು ಮೂರು ಸಲ ಕೆಟ್ಟೆ. ಮೊದಲ ಸಲ, ಮಕ್ಕಳ ಕಚೇರಿ ಮೀನು ಮಾರ್ಕೆಟ್ಟಿನ ಹಿಂದೆ ಇದೆ ಅಂದ. ಹೋಗಿ ನೋಡಿದರೆ ಅಲ್ಲಿ ರೇಷ್ಮೆ ಇಲಾಖೆ ಕೂತಿತ್ತು. ಎರಡನೇ ಸಲ ಹಳೇ ಬಸ್ ಸ್ಟ್ಯಾಂಡಿನ ಎದುರು ಅಂದ. ಅಲ್ಲಿ ಬರೀ ಮಟ್ಟಸವಾದ ನೆಲ, ಆಗಲೇ ಮೂರು ಕಡ್ಡಿ ನೆಟ್ಟು ಕ್ರಿಕೆಟ್ ಶುರುವಾಗಿತ್ತು. "ಬೆಳಗ್ಗೆ ಇತ್ತಕ್ಕಾ, ಹತ್ತು ಗಂಟೇಲಿ ಎದ್ದೋಯ್ತು," ಅಂದ ಬ್ಯಾಟು ಹಿಡಿದವನು, ಬಸ್ಸು ತಪ್ಪಿಸಿಕೊಂಡವರಿಗೆ ಹೇಳುವ ಹಾಗೆ. ಮೂರನೇ ಸಲ ನೀರಿನ ಟ್ಯಾಂಕಿನ ಪಕ್ಕ ಕಚೇರಿ ನಿಜಕ್ಕೂ ಇತ್ತು. ಆದರೆ ನಾನು ಮಗಳು ಹೊನ್ನಿಯನ್ನು ಸೊಂಟದ ಮೇಲೆ ಹೊತ್ತು ರಸ್ತೆ ದಾಟುವಷ್ಟರಲ್ಲಿ ಇರಲಿಲ್ಲ. ಆರು ದಾಟಿದ ಹುಡುಗಿಯನ್ನು ಸೊಂಟದ ಮೇಲೆ ಹೊರುವುದೆಂದರೆ ಏನೆಂದು ಹೊತ್ತವರಿಗೇ ಗೊತ್ತು. ಮಾರಪ್ಪನ ನಾಲಿಗೆಗೆ ಎಲುಬಿಲ್ಲ, ಸರಿ. ಅವನನ್ನು ಮೂರು ಸಲ ನಂಬಿದ ನನ್ನ ತಲೆಯೊಳಗೆ ಏನಿರಲಿಲ್ಲವೋ ದೇವರೇ ಹೇಳಬೇಕು.

ಸರ್ಕಾರದ ಮೊಹರು ಬಿದ್ದ ಯಾವ ಕಟ್ಟಡವೂ ನಮ್ಮೂರಿನಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ಮನೆಗಳು ನಿಲ್ಲುತ್ತವೆ, ಅಂಗಡಿಗಳು ನಿಲ್ಲುತ್ತವೆ, ನಮ್ಮ ಹಿಟ್ಟಿನ ಮಿಲ್ಲಂತೂ ನಮ್ಮ ಮಾವನ ಕಾಲದಿಂದ ಅದೇ ಮೂಲೆಯಲ್ಲಿ ಗುಡುಗುಟ್ಟುತ್ತಾ ನಿಂತಿದೆ. ಮೊಹರಿನವು ಮಾತ್ರ ಹೊರಡುತ್ತವೆ. ವಾರಕ್ಕೊಮ್ಮೆಯೋ ದಿನಕ್ಕೆರಡು ಸಲವೋ, ಅವುಗಳ ಮರ್ಜಿ. ಊರು ಅದಕ್ಕೆ ಹೊಂದಿಕೊಂಡು ಎಷ್ಟು ತಲೆಮಾರಾಯಿತೋ. ಅರ್ಜಿ ಬರೆಯುವವರ ಮೇಜಿಗೆ ಮಡಚುವ ಕಾಲು. ತಾಲ್ಲೂಕು ಕಚೇರಿಯ ಮುಂದೆ ಚಹಾ ಮಾರುವವನ ತಳ್ಳುಗಾಡಿಗೆ ಎತ್ತಿನ ಗಾಡಿಯಷ್ಟು ದೊಡ್ಡ ಚಕ್ರ. ಗುಮಾಸ್ತರ ಹೆಂಡಂದಿರು ಮಧ್ಯಾಹ್ನ ಡಬ್ಬಿ ಕಳಿಸುವ ಯೋಚನೆಯನ್ನೇ ಬಿಟ್ಟು ಬೆಳಗ್ಗೆಯೇ ಬುತ್ತಿ ಕಟ್ಟುತ್ತಾರೆ. ಒಳಗೆ ಕೂತವರಿಗೆ ಏನೂ ತಿಳಿಯುವುದಿಲ್ಲವಂತೆ. ಸಂಜೆ ಬಾಗಿಲು ತೆಗೆದಾಗ ಇದು ಯಾವ ಬೀದಿ ಎಂದು ನೋಡಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ಮಾರಪ್ಪನಂಥವರು ಬೆಳಗಾಗೆದ್ದು ಸೈಕಲ್ ಮೇಲೆ ಊರು ಸುತ್ತಿ, ಯಾವುದು ಎಲ್ಲಿದೆ ಎಂದು ನೋಡಿಬಂದು ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದಾರೆ. ಬೇರೆ ಊರುಗಳಲ್ಲಿ ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತಾ, ಹಾಡು ಬರುತ್ತಾ ಅಂತ ಕೇಳುತ್ತಾರಂತೆ. ನಮ್ಮೂರಲ್ಲಿ ಕೇಳುವುದು ಒಂದೇ, "ಹುಡುಗಿಗೆ ದಿಕ್ಕು ತಿಳಿಯುತ್ತಾ?" ದಿಕ್ಕು ತಿಳಿದವರು ಬುದ್ಧಿವಂತರು, ತಿಳಿಯದವರು ದಡ್ಡರು, ಅಲ್ಲಿಗೆ ಮಾತು ಮುಗಿಯಿತು.

ಮಕ್ಕಳ ಕಚೇರಿ ನನಗೆ ಬೇಕಾಗಿದ್ದದ್ದು ಒಂದು ಚೀಟಿಗೆ. ಆ ಚೀಟಿ ಇದ್ದರೆ ಕೈಹಿಡಿ ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಏಳು ತುಂಬುವುದರೊಳಗೆ ಸೇರಿದರೆ ಸೇರಿದ ಹಾಗೆ, ತುಂಬಿದ ಮೇಲೆ ಕಾಲು ಹಿಡಿದರೂ ಇಲ್ಲ. ಶಾಲೆಗೆ ಬೋರ್ಡಿನ ಮೇಲೆ ಬೇರೆ ಏನೋ ಉದ್ದನೆಯ ಹೆಸರಿದೆ. ಅಲ್ಲಿನ ಟೀಚರುಗಳು ಮಕ್ಕಳ ಕೈ ಹಿಡಿದು ಗುಂಡಿ ಹಾಕುವುದು, ತುತ್ತು ಎತ್ತುವುದು ಕಲಿಸುತ್ತಾರೆಂದು ಜನ ಹಾಗೆ ಕರೆಯುತ್ತಾರೆ. ಮಾತು ಬಾರದ ಮಕ್ಕಳಿಗೆ ಒಂದು ಚಿತ್ರದ ಹಲಗೆ ಕೊಡುತ್ತಾರೆ. ಹಸಿವಾದರೆ ತಟ್ಟೆಯ ಚಿತ್ರ ಮುಟ್ಟಬೇಕು. ನೋವಾದರೆ, ಹಲಗೆಯ ಮೇಲೆ ಒಂದು ಮಗುವಿನ ಚಿತ್ರ ಇದೆ, ಅದರ ಮೈಮೇಲೆ ನೋವಿನ ಜಾಗ ಮುಟ್ಟಿ ತೋರಿಸಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ. ನನ್ನ ಮಗಳು ಕಲೆಕ್ಟರಾಗಲಿ ಎಂದು ನಾನು ಯಾವತ್ತೂ ಹರಕೆ ಹೊತ್ತವಳಲ್ಲ.

ಹಿಂದಿನ ಚಳಿಗಾಲದಲ್ಲಿ ಹೊನ್ನಿ ಹನ್ನೊಂದು ದಿನ ಕಿರುಚಿದಳು. ಊಟ ಬಿಟ್ಟಳು, ತಲೆಯನ್ನು ಗೋಡೆಗೆ ಚಚ್ಚಿಕೊಂಡಳು. ನಾನು ಹಟ ಅಂದುಕೊಂಡೆ. ಒಂಬತ್ತನೇ ದಿನ ಹೊಡೆದೆ, ಯಾಕೆ ಸುಳ್ಳು ಹೇಳಲಿ. ಹನ್ನೊಂದನೇ ದಿನ ಬೆಳಗ್ಗೆ ದಿಂಬಿನ ಮೇಲೆ ಕೀವು ಕಂಡಿತು. ಎಡಗಿವಿಯೊಳಗೆ ಹುಣ್ಣಾಗಿ, ಹಣ್ಣಾಗಿ, ಒಡೆದಿತ್ತು. ಅಷ್ಟು ದಿನವೂ ಅವಳು ಕಿವಿಯ ಕಡೆಗೆ ಒಂದು ಬೆರಳು ಎತ್ತಿರಲಿಲ್ಲ, ಎತ್ತಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಆವತ್ತು ದೊಡ್ಡಾಸ್ಪತ್ರೆ ನಮ್ಮ ಮಿಲ್ಲಿನ ಹಿಂದುಗಡೆಯೇ ಇತ್ತು. ಡಾಕ್ಟರು ಕಿವಿ ತೊಳೆದರು, ಮಗುವನ್ನು ಒಂದು ಗಂಟೆ ಸುಮ್ಮನೆ ನೋಡಿದರು, ಆಮೇಲೆ ಆಟಿಸಂ ಎಂದು ಬರೆದುಕೊಟ್ಟು, "ಬೈಬೇಡಿ, ಹೊಡೀಬೇಡಿ, ಮೊದ್ಲು ಕೈಹಿಡಿ ಶಾಲೆಗೆ ಸೇರ್ಸಿ," ಅಂದರು. ಆ ಕಾಗದ ಹಿಡಿದು ನಾನು ಊರೆಲ್ಲ ತಿರುಗಿದ್ದು. ಹೊನ್ನಿಗೆ ಅಪ್ಪಿತಪ್ಪಿ ಮತ್ತೆಲ್ಲಾದರೂ ನೋವಾದರೆ ನನಗೆ ತಿಳಿಯಬೇಕಲ್ಲ, ಅಷ್ಟಕ್ಕೆ.

ಹೊನ್ನಿಗೆ ಮಿಲ್ಲಿನ ಸದ್ದೆಂದರೆ ಪ್ರಾಣ. ರಾಗಿ ಬೀಸುವಾಗ ಗೋಣಿಚೀಲದ ಮೇಲೆ ಕೂತು, ಕೂದಲು ಹುಬ್ಬೆಲ್ಲ ಹಿಟ್ಟಾಗಿ, ಗಂಟೆಗಟ್ಟಲೆ ತೂಗಾಡುತ್ತಾಳೆ. ಆದರೆ ಇದ್ದಕ್ಕಿದ್ದ ಹಾಗೆ ಎರಡೂ ಕೈ ಮುಷ್ಟಿ ಕಟ್ಟಿ ಕಿಟಾರನೆ ಕಿರುಚಿ, ಕೂತಲ್ಲೇ ಒಂದು ಕಡೆಗೆ ತಿರುಗಿಬಿಡುವಳು. ಮುಖ, ಎದೆ, ಮಂಡಿ, ಎಲ್ಲ ಆ ಕಡೆಗೆ. ಎತ್ತಿ ಬೇರೆ ಕಡೆಗೆ ಕೂರಿಸಿದರೆ ಮತ್ತೆ ಅದೇ ಕಡೆಗೆ. ಅರ್ಧ ಗಂಟೆ ಹಾಗೇ ಇದ್ದು ಬೆವೆತು ತಣ್ಣಗಾಗುವಳು. ಮೂರು ವರ್ಷ ನಾವು ಅದನ್ನು ಗಾಳಿ ಅಂದೆವು, ದೃಷ್ಟಿ ಅಂದೆವು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆವು. ಆಮೇಲೆ ಒಂದು ಮಂಗಳವಾರ, ನಮ್ಮ ಎದುರಿಗೇ ನಿಂತಿದ್ದ ಅಂಚೆ ಕಚೇರಿ ನೋಡನೋಡುತ್ತಿದ್ದ ಹಾಗೆ ಇಲ್ಲವಾಯಿತು. ಅದೇ ಗಳಿಗೆಗೆ ಹೊನ್ನಿ ಕಿರುಚಿ ತಿರುಗಿದಳು. ನಮ್ಮ ಯಜಮಾನರು ಮಿಲ್ಲು ನಿಲ್ಲಿಸಿ, ಸೈಕಲ್ ಹತ್ತಿ, ಅವಳ ಮೂಗಿನ ನೇರಕ್ಕೆ ಹೋದರು. ಸುಣ್ಣದ ಗೂಡಿನ ಹತ್ತಿರ ಅಂಚೆ ಕಚೇರಿ ಸಿಕ್ಕಿತು. ಸಾಕ್ಷಿಗೆ ಒಂದು ಕಾರ್ಡು ಕೊಂಡು ತಂದರು. ಆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ನಾವಿಬ್ಬರೂ ಬಹಳ ಹೊತ್ತು ಮಗಳನ್ನೇ ನೋಡಿದೆವು.

ಯಾವುದಾದರೂ ಕಟ್ಟಡ ಎದ್ದುಹೋದ ಖಾಲಿ ನೆಲದ ಮೇಲೆ ನಿಲ್ಲಿಸಿದರೂ ಸಾಕು, ಅಲ್ಲಿಂದ ಹೋದದ್ದು ಈಗ ಎಲ್ಲಿದೆಯೋ ಅತ್ತ ತಿರುಗುತ್ತಾಳೆ ಎಂಬುದೂ ಆಮೇಲೆ ತಿಳಿಯಿತು. ಕಿರುಚುವುದು ಮಾತ್ರ ತಪ್ಪುತ್ತಿರಲಿಲ್ಲ. ಇದ್ದದ್ದು ಇಲ್ಲದಂತಾಗುವುದನ್ನು ಆ ಮಗುವಿನ ಜೀವ ತಡೆಯುತ್ತಿರಲಿಲ್ಲ, ನನಗದು ಗೊತ್ತಿತ್ತು. ಗೊತ್ತಿದ್ದೂ ನಾನು, ಖಾಲಿ ನೆಲದ ಗುಟ್ಟು ತಿಳಿದ ಮಾರನೇ ದಿನವೇ, ಅವಳನ್ನು ನೀರಿನ ಟ್ಯಾಂಕಿನ ಪಕ್ಕದ ಖಾಲಿ ನೆಲಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಕಿರುಚಿ ಪಡುವಣಕ್ಕೆ ತಿರುಗಿದಳು. ಆ ನೇರಕ್ಕೆ ನಡೆದು ಹನ್ನೊಂದೂವರೆಗೆ ಮಕ್ಕಳ ಕಚೇರಿಯ ಮೆಟ್ಟಿಲು ಹತ್ತಿದೆ. ಎಂಟು ತಿಂಗಳಿಂದ ಹುಡುಕಿದ ಮೆಟ್ಟಿಲು. ಎಷ್ಟು ಖುಷಿಯಾಗಿತ್ತೆಂದರೆ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಈಗ ನೆನೆದರೆ ನನಗೇ ನಾಚಿಕೆ.

ಒಳಗೆ ವಿಶಾಲಾಕ್ಷಿ ಮೇಡಂ ಅಂತ ಒಬ್ಬರು. ಕೆಟ್ಟವರೇನಲ್ಲ. ಬತ್ತಿಹೋದ ಮುಖ, ಮೇಜಿನ ಮೇಲೆ ತಿಂದು ಅರ್ಧಕ್ಕೆ ಬಿಟ್ಟ ಚಿತ್ರಾನ್ನ. ಮೂರು ಪುಟದ ಫಾರಂ ತೆಗೆದು ಒಂದೊಂದೇ ಕೇಳಿದರು. ಮಾತಾಡುತ್ತಾಳಾ? ಇಲ್ಲ. ತಾನೇ ಊಟ? ಇಲ್ಲ. ಕಕ್ಕಸು? ಒಂದೊಂದು ಸಲ. ಕರೆದರೆ ನೋಡುತ್ತಾಳಾ? ನೋಡಲ್ಲ ಮೇಡಂ, ಹೆತ್ತ ನನ್ನ ಕಣ್ಣನ್ನೇ ಒಂದು ದಿನ ನೋಡಿಲ್ಲ. ಅವರು "ಇಲ್ಲ, ಇಲ್ಲ" ಎಂದು ಬರೆದುಕೊಂಡು ಹೋದ ಹಾಗೆಲ್ಲ ನನ್ನ ಎದೆ ಹಗುರವಾಗುತ್ತಿತ್ತು. ಮಗಳ ಇಲ್ಲಗಳನ್ನು ಕೇಳಿ ತಾಯಿಗೆ ಸಮಾಧಾನವಾಗುವ ಜಾಗ ಅದೊಂದೇ ಇರಬೇಕು. ಕೊನೆಯ ಪುಟಕ್ಕೆ ಬಂದಾಗ ಮೇಡಂ ತಲೆಯೆತ್ತಿ ನಕ್ಕರು. "ಅಂತೂ ಕಚೇರಿ ಹುಡುಕ್ದೆಯಲ್ಲಮ್ಮ. ಇಲ್ಲಿಗೆ ಬರೋರೇ ಕಮ್ಮಿ. ಯಾರು ತೋರಿಸ್ಕೊಟ್ರು?"

"ಯಾರೂ ಇಲ್ಲ ಮೇಡಂ. ನನ್ನ ಮಗಳೇ ತೋರಿಸಿದ್ದು," ಅಂದೆ ನಾನು. ಜಂಬದಿಂದ ಅಂದೆ. ಆರು ವರ್ಷದಲ್ಲಿ ಅವಳ ಬಗ್ಗೆ ಜಂಬಪಡಲು ಒಂದೇ ಒಂದು ಸಿಕ್ಕಿತ್ತು. ಹೇಳದೆ ಹೇಗಿರಲಿ? ಅಂಚೆ ಕಚೇರಿಯ ಕಥೆ, ಯಜಮಾನರು ಕಾರ್ಡು ತಂದದ್ದು, ಎಲ್ಲವನ್ನೂ ಕಕ್ಕಿದೆ. ಮೇಡಂ ಕೈಯಲ್ಲಿ ಪೆನ್ನು ನಿಂತಿತು. ಫಾರಂ ನನ್ನ ಕಡೆಗೆ ತಿರುಗಿಸಿ ಕೊನೆಯ ಸಾಲು ತೋರಿಸಿದರು. ದಿಕ್ಕು ಗುರುತಿಸುವ ಶಕ್ತಿ: ಇದೆ, ಇಲ್ಲ. "ಇದಕ್ಕೆ ಇದೆ ಅಂತ ಬಿದ್ರೆ ಮೇಲಿಂದೆಲ್ಲ ಲೆಕ್ಕಕ್ಕಿಲ್ಲಮ್ಮ. ಈ ಊರಲ್ಲಿ ಓದಿದೋರಿಗೇ ಇಲ್ದೇ ಇರೋದು ನಿನ್ನ ಮಗಳಿಗಿದೆ. ಇವಳಿಗೇನು ಕೊರತೆ ಅಂತ ಬರೀಲಿ ನಾನು?"

"ಮೇಡಂ, ಕಿವಿ ನೋವಾದ್ರೆ ಹೇಳಕ್ಕೆ ಬರಲ್ಲ ಇವಳಿಗೆ. ಹನ್ನೊಂದು ದಿನ ಕೀವು ಇಟ್ಕೊಂಡು ಒದ್ದಾಡಿದಾಳೆ."

"ಅದಕ್ಕೆ ಕಾಲಂ ಇಲ್ಲಮ್ಮ," ಅಂದರು ಮೇಡಂ. ಹಾಗೆ ಹೇಳುವಾಗ ಅವರಿಗೂ ಬೇಜಾರಾದ ಹಾಗಿತ್ತು. ಬೇಜಾರಾದರೆ ಏನು ಬಂತು, ಬರೆದದ್ದು ಬರೆದರು. ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಬಹುದು, ಒಂದೇ ಸಲ, ಅದೇ ಕೊನೆ ಅಂದರು. ನಾನು ಬೆರಳು ಮಡಿಚಿ ಎಣಿಸಿದೆ. ಆ ದಿನಕ್ಕೆ ಹೊನ್ನಿಗೆ ಏಳು ತುಂಬಲು ಹನ್ನೆರಡು ದಿನ ಉಳಿದಿರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರು ವರ ಕೊಟ್ಟದ್ದೇ ತಪ್ಪಾಯಿತು.

ಮೆಟ್ಟಿಲಿಳಿಯುವಾಗ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಮಗನನ್ನು ಎಳೆದುಕೊಂಡು ಹತ್ತುತ್ತಿದ್ದಳು. ಕೋಳಿ ಅಂಗಡಿ ಗಲ್ಲಿಯ ಜೈಬುನಕ್ಕ, ನಮ್ಮ ಮಿಲ್ಲಿಗೆ ಗೋಧಿ ತರುವವಳು. ಮಗ ಇರ್ಫಾನನೂ ಹೊನ್ನಿಯ ಹಾಗೆಯೇ. ಅಂಚೆ ಕಚೇರಿಯ ಕಥೆಯನ್ನು ಮಿಲ್ಲಿನಲ್ಲಿ ಕೇಳಿದ್ದವಳು, ಹೊನ್ನಿಯ ಕೂಗು ಕೇಳಿ ನನ್ನ ಹಿಂದೆಯೇ ಬಂದಿದ್ದಳಂತೆ. ಒಂದೂವರೆ ವರ್ಷದಿಂದ ಇದೇ ಕಚೇರಿ ಹುಡುಕುತ್ತಿದ್ದಳು. ಅವಳ ಇರ್ಫಾನ ಕೊನೆಯ ಸಾಲಿನಲ್ಲೂ ಇಲ್ಲ ಅನ್ನಿಸಿಕೊಂಡು ಅರ್ಧ ಗಂಟೆಯಲ್ಲಿ ಚೀಟಿ ಹಿಡಿದು ಹೊರಗೆ ಬಂದ. ನನ್ನ ಎರಡೂ ಕೈ ಹಿಡಿದು ಅಳುತ್ತಾ, "ನಿನ್ನ ಮಗಳು ನನ್ನ ಪಾಲಿನ ಫರಿಶ್ತಾ, ದೇವದೂತೆ ಕಣೇ ಭಾಗಿ," ಅಂದಳು. ನಾನು ನಗಲಾರದೆ ನಕ್ಕೆ.

ಸುದ್ದಿಗೆ ಕಾಲು ಬಂದವು. ಆ ವಾರವೇ ಮಿಲ್ಲಿನ ಬಾಗಿಲಿಗೆ ಮೂರು ಜನ ತಾಯಂದಿರು, ಮುಂದಿನ ವಾರ ಆರು. ಎಲ್ಲರ ಸೊಂಟದ ಮೇಲೂ ಹೊತ್ತು ತಿರುಗುವ ವಯಸ್ಸು ದಾಟಿದ ಮಕ್ಕಳು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ, ಅವರ ಮುಖ ನನ್ನದೇ ಮುಖದ ಹಾಗಿತ್ತು. ಹೊನ್ನಿಯನ್ನು ಕರೆದುಕೊಂಡು ಹೋಗಿ ಖಾಲಿ ನೆಲದ ಮೇಲೆ ನಿಲ್ಲಿಸುವುದು, ಅವಳು ಕಿರುಚುವುದು, ತಿರುಗುವುದು, ಆ ನೇರಕ್ಕೆ ನಾವೆಲ್ಲ ಮೆರವಣಿಗೆ ಹೊರಡುವುದು. ಒಬ್ಬೊಬ್ಬರ ಮಕ್ಕಳಿಗೂ ಚೀಟಿ ಸಿಕ್ಕಿತು. ಅಷ್ಟಕ್ಕೇ ಮುಗಿಯಲಿಲ್ಲ. ಕೈಹಿಡಿ ಶಾಲೆಯ ಮೇಲೂ ಮೊಹರಿತ್ತಲ್ಲ, ಅದೂ ವಾರಕ್ಕೊಮ್ಮೆ ಏಳುತ್ತಿತ್ತು. ಅದು ಎದ್ದ ದಿನ ಬ್ಯಾಗು ಹಾಕಿಕೊಂಡ ಅವರ ಮಕ್ಕಳೆಲ್ಲ ಮತ್ತೆ ನಮ್ಮ ಮಿಲ್ಲಿಗೇ. ಹೊನ್ನಿ ಅವರಿಗೆಲ್ಲ ಶಾಲೆ ತೋರಿಸಿ, ಗೇಟಿನಿಂದ ವಾಪಸ್ಸು ಬರುವಳು. ಒಳಗೆ ಬಿಡುತ್ತಿರಲಿಲ್ಲ, ಅವಳ ಹತ್ತಿರ ಚೀಟಿ ಇರಲಿಲ್ಲವಲ್ಲ. ಹೀಗೆ ನಿಲ್ಲಿಸಿ ನಿಲ್ಲಿಸಿ ಅವಳ ಗಂಟಲು ಒಡೆದುಹೋಯಿತು. ಒಮ್ಮೊಮ್ಮೆ ಕೂಗಿದರೆ ಬರೀ ಗಾಳಿ ಬರುತ್ತಿತ್ತು.

"ಸಾಕು ಮಾಡು ಭಾಗಿ," ಅಂದರು ನಮ್ಮ ಯಜಮಾನರು ಒಂದು ಮಧ್ಯಾಹ್ನ, ಕರೆಂಟು ಹೋಗಿ ಮಿಲ್ಲು ನಿಂತಾಗ. ಅವರು ಮಾತು ಕಮ್ಮಿ. "ಕೂಸಿನ ಸಂಕಟ ಹಿಡ್ಕೊಂಡು ಊರು ದಾರಿ ಹುಡುಕ್ತಾ ಇದೆಯಲ್ಲೇ."

"ನಾನೇನು ಖುಷಿಗೆ ಕರ್ಕೊಂಡು ಹೋಗ್ತೀನಾ? ನಾಳೆ ಇವಳಿಗೆ ಸೀಟು ಸಿಕ್ರೆ ಇದೇ ಹೆಂಗಸರು ಬೇಡ್ವಾ ನಮಗೆ?" ಎಂದು ನಾನು ಹರಿಹಾಯ್ದೆ. ಅವರು ಬೆಲ್ಟಿನ ಮೇಲಿನ ಹಿಟ್ಟು ಒರೆಸತೊಡಗಿದರು. ಅವರು ಹಾಗೆ ಒರೆಸುತ್ತಾ ನಿಂತರೆ ನನಗೆ ಇನ್ನೂ ರೇಗುತ್ತದೆ.

ಒಂದು ದಿನ ಜೈಬುನಕ್ಕ ಗೋಧಿ ಬೀಸಿಸಲು ಬಂದಾಗ ಇರ್ಫಾನ ಕೊರಳಿಗೆ ಹಲಗೆ ತೂಗು ಹಾಕಿಕೊಂಡಿದ್ದ. ಮಿಲ್ಲು ನಡೆಯುತ್ತಿದ್ದಾಗಲೇ ಹಲಗೆ ಎತ್ತಿ, ಅದರ ಮೇಲಿನ ಮಗುವಿನ ಚಿತ್ರದ ಹೊಟ್ಟೆಯ ಮೇಲೆ ಬೆರಳಿಟ್ಟ. "ಹೊಟ್ಟೆ ನೋಯ್ತಿದೆಯೇನೋ ರಾಜಾ? ಬೇಡ ಬೇಡ ಅಂದ್ರೂ ಹಲಸಿನ ಹಣ್ಣು ತಿಂದ," ಎಂದು ಜೈಬುನಕ್ಕ ನಕ್ಕು ಅವನ ಹೊಟ್ಟೆ ನೀವಿದಳು. ಅಷ್ಟೇ ನಡೆದದ್ದು. ನಾನು ಮಾತ್ರ ಆ ಹುಡುಗನ ಬೆರಳು ಕಂಡು ಹೊಟ್ಟೆಕಿಚ್ಚುಪಟ್ಟೆ, ಏಳು ವರ್ಷದ ಪಾಪದ ಕೂಸಿನ ಮೇಲೆ. ಜೈಬುನಕ್ಕ ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. ಹತ್ತಿರ ಸರಿದು ಮೆಲ್ಲಗೆ ಅಂದಳು, "ನೋಡು ಭಾಗಿ, ಪರೀಕ್ಷೆ ದಿನ ಒಂದು ಸಲ ಮಗು ತಿರುಗದ ಹಾಗೆ ಮಾಡ್ಬಿಡು. ಹತ್ತು ನಿಮಿಷ. ಆಮೇಲೆ ಜನ್ಮವೆಲ್ಲ ತಿರುಗ್ಲಿ, ಯಾರು ಕೇಳ್ತಾರೆ?"

ಯಜಮಾನರಿಗೆ ಹೇಳಿದಾಗ ಅವರು ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅವಳಿಗೆ ಬರೋದು ಅದೊಂದೇ ಮಾತು ಕಣೇ," ಅಂದರು. "ಇಡೀ ಮೈಯಲ್ಲಿ ಆಡ್ತಾಳೆ. ಅದನ್ನೂ ಮುಚ್ತೀಯಾ?"

"ಆ ಮಾತು ಕಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ? ಅಂಚೆ ಕಚೇರಿ ಎಲ್ಲಿದೆ ಅಂತ ಹೇಳ್ತಾಳೆ, ತನ್ನ ಕಿವಿ ಎಲ್ಲಿದೆ ಅಂತ ಹೇಳಲ್ಲ! ಇನ್ನೊಂದು ಸಲ ಕೀವಾದ್ರೆ ನೀವು ದಿಂಬು ನೋಡ್ಕೊಂಡು ಕೂತಿರ್ತೀರಾ?" ಅಂದೆ. ಕಿವಿಯ ಮಾತೆತ್ತಿದರೆ ಅವರ ಬಾಯಿ ಕಟ್ಟಿಹೋಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎತ್ತಿದೆ. ಪರೀಕ್ಷೆಯ ದಿನ ಅವರು ನಮ್ಮ ಜೊತೆ ಬರಲಿಲ್ಲ.

ಆವತ್ತು ಮಕ್ಕಳ ಕಚೇರಿ ಹಳೇ ಟಾಕೀಸಿನ ಬೀದಿಯಲ್ಲಿತ್ತು. ಅದನ್ನು ಹುಡುಕಲೂ ಹೊನ್ನಿಯನ್ನೇ ನಿಲ್ಲಿಸಬೇಕಾಯಿತು ಎಂಬುದನ್ನು ಬೇರೆ ಹೇಳಬೇಕೇ. ಎದುರಿಗೆ, ಬೆಳಗ್ಗೆ ತಾನೇ ತಾಲ್ಲೂಕು ಕಚೇರಿ ಎದ್ದುಹೋದ ಅಗಲವಾದ ನೆಲ. ವಿಶಾಲಾಕ್ಷಿ ಮೇಡಂ ಛತ್ರಿ ಹಿಡಿದು ಹೊರಗೆ ಬಂದರು, ಹಿಂದೆ ಫಾರಂ ಹಿಡಿದ ಜವಾನ. "ಮಗೂನ ಮಧ್ಯದಲ್ಲಿ ನಿಲ್ಸಮ್ಮ. ಹತ್ತು ನಿಮಿಷ ನೋಡ್ತೀನಿ. ತಿರುಗಿದ್ರೆ ಇದೆ, ತಿರುಗದಿದ್ರೆ ಇಲ್ಲ." ನಾನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹೇಳಿದೆ: "ಮಗು ಬಿದ್ದುಬಿಡುತ್ತೆ ಮೇಡಂ, ಹಿಂದೆ ಹಿಡ್ಕೊಂಡಿರ್ತೀನಿ." ಮೇಡಂ ತಲೆಯಾಡಿಸಿ ಗಡಿಯಾರ ನೋಡಿಕೊಂಡರು. ನಾನು ಹೊನ್ನಿಯ ಹಿಂದೆ ಮಂಡಿಯೂರಿ ಕೂತು ಎರಡೂ ಭುಜ ಹಿಡಿದೆ.

ಅವಳ ಮೈಯಲ್ಲಿ ಅದು ಬರುವುದು ನನ್ನ ಕೈಗೆ ಗೊತ್ತಾಯಿತು. ಮಿಲ್ಲು ಶುರುವಾಗುವ ಮುಂಚೆ ಬೆಲ್ಟು ಒಮ್ಮೆ ನಡುಗುತ್ತದಲ್ಲ, ಹಾಗೆ. ಎಡಕ್ಕೆ ಎಳೆಯಿತು. ನಾನು ಬಿಗಿ ಹಿಡಿದೆ. ಮತ್ತೆ ಎಳೆಯಿತು. ಹದಿನೈದು ವರ್ಷದಿಂದ ಮೂಟೆ ಎತ್ತಿದ ಕೈ ನನ್ನದು, ಆ ಎಳೆ ಭುಜಗಳು ಎಲ್ಲಿಗೆ ಹೋದಾವು? ಅವಳು ಕತ್ತು ತಿರುಗಿಸಲು ನೋಡಿದಳು, ನನ್ನ ಕೆನ್ನೆಯನ್ನು ಅವಳ ಕೆನ್ನೆಗೆ ಒತ್ತಿ ಕತ್ತನ್ನೂ ತಡೆದೆ. "ಬೇಡ ನನ್ನವ್ವ, ಬೇಡ, ಬೇಡ," ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದೆ, ಅದೇ ಎಡಗಿವಿಯಲ್ಲಿ. ಕೂಗು ಗಂಟಲಿಗೆ ಬಂತು, ನಾನು ಒಂದು ಕೈಯನ್ನು ಅವಳ ಬಾಯಿಯ ಮೇಲೆ ತಂದೆ. ಕೂಗು ಅಲ್ಲೇ ನಿಂತಿತು. ಎಷ್ಟು ಹೊತ್ತಾಯಿತೋ. ಆಮೇಲೆ ಎಳೆತ ಸಡಿಲವಾಯಿತು. ಅವಳು ಮುಖವನ್ನು ಹಿಂದಕ್ಕೆ ವಾಲಿಸಿ ನನ್ನ ಕಣ್ಣನ್ನು ನೋಡಿದಳು. ಹುಟ್ಟಿ ಏಳು ವರ್ಷಕ್ಕೆ ಹನ್ನೆರಡು ದಿನ ಕಮ್ಮಿ, ಮೊದಲನೇ ಸಲ ನನ್ನ ಮಗಳು ನನ್ನ ಕಣ್ಣನ್ನು ನೇರವಾಗಿ ನೋಡಿದಳು. ಅದಕ್ಕಾಗಿ ನಾನು ಎಷ್ಟು ದೇವರಿಗೆ ಕೈಮುಗಿದಿದ್ದೆ. ಆವತ್ತು ನಾನೇ ಕಣ್ಣು ತಪ್ಪಿಸಿದೆ.

"ಕೈ ಬಿಡಮ್ಮ. ಬರೆದಾಯ್ತು," ಅಂದರು ಮೇಡಂ. ತಲೆಯೆತ್ತಿದರೆ ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. ಹೊನ್ನಿಯ ಭುಜದ ಮೇಲೆ ಐದು ಬೆರಳೂ ಕೆಂಪಗೆ ಮೂಡಿದ್ದವು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಇಲ್ಲ ಎಂದು ಬರೆದಿದ್ದರು, ಅದು ಅವರು ಮಾಡಬಹುದಾಗಿದ್ದ ಉಪಕಾರ. ಮೊಹರು ಒತ್ತಿದ ಚೀಟಿಯನ್ನು ಕೊಡುತ್ತಾ ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಶಾಲೆ ಸೋಮವಾರಗಳಲ್ಲಿ ಮಾತ್ರ ಹೊಸಬರನ್ನು ಸೇರಿಸಿಕೊಳ್ಳುತ್ತಿತ್ತು. ಮಧ್ಯದ ದಿನಗಳಲ್ಲಿ ಹೊನ್ನಿ ಒಂದು ಸಲವೂ ಕಿರುಚಲಿಲ್ಲ. ಗೋಣಿಚೀಲದ ಮೇಲೆ ತೂಗಾಡದೆ ಕೂತಿರುವಳು. ಬೆಳಗ್ಗೆ ಎದುರಿಗಿದ್ದ ರೇಷನ್ ಆಫೀಸು ಮಧ್ಯಾಹ್ನಕ್ಕೆ ಇರಲ್ಲ, ಇವಳು ಮಿಸುಕಾಡಲ್ಲ. "ನೋಡಿ, ಶಾಲೆ ಮೆಟ್ಟಿಲು ಹತ್ತೋ ಮುಂಚೆನೇ ಎಷ್ಟು ಸುಧಾರಿಸಿದಾಳೆ," ಅಂದೆ ನಾನು. ಯಜಮಾನರು, "ಕಿರುಚಿದ್ರೇ ವಾಸಿ ಇತ್ತು," ಅಂದು ಅವಳ ಪಕ್ಕದಲ್ಲಿ ಹೋಗಿ ಕೂತರು. ನಾನು ಹೊಸ ಲಂಗಕ್ಕೆ ಕಾಜಾ ಹೊಲಿಯುತ್ತಿದ್ದೆ. ಶಾಲೆಯಲ್ಲಿ ಗುಂಡಿ ಹಾಕುವುದು ಕಲಿಸುತ್ತಾರಲ್ಲ, ದೊಡ್ಡ ದೊಡ್ಡ ಗುಂಡಿ ತಂದಿದ್ದೆ.

ಆ ಸೋಮವಾರ ಹೊನ್ನಿಗೆ ಏಳು ತುಂಬಲು ಆರು ದಿನ ಉಳಿದಿತ್ತು, ಮುಂದಿನ ಸೋಮವಾರಕ್ಕೆ ತುಂಬಿಹೋಗಿರುತ್ತಿತ್ತು. ಬೆಳಗ್ಗೆ ಎಂಟಕ್ಕೇ ಜೈಬುನಕ್ಕ ಓಡಿಬಂದಳು, ಕೈಯಲ್ಲಿ ಇರ್ಫಾನ. "ಶಾಲೆ ಎದ್ದುಬಿಟ್ಟಿದೆ ಭಾಗಿ! ಇಟ್ಟಿಗೆ ಭಟ್ಟಿ ಹತ್ರ ಬರೀ ನೆಲ ಇದೆ. ಬೇಗ ಹೊನ್ನಿನ ಕರ್ಕೊಂಡು ಬಾ." ಎದ್ದರೆ ಏನಂತೆ, ನಮಗೇನು ಹೊಸದೇ? ಹೊಸ ಲಂಗ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಹೊರಟೆ. ಭಟ್ಟಿಯ ಹತ್ತಿರ ಉಳಿದ ತಾಯಂದಿರೆಲ್ಲ ಕಾಯುತ್ತಿದ್ದರು. ಮಕ್ಕಳ ಬೆನ್ನಿಗೆ ಬ್ಯಾಗು, ಕೊರಳಲ್ಲಿ ಹಲಗೆ. ನಮ್ಮನ್ನು ಕಂಡು ದಾರಿ ಬಿಟ್ಟರು. ಆವತ್ತು ನಾನೂ ಚೀಟಿ ಇದ್ದವಳು, ಗೇಟಿನಿಂದ ವಾಪಸ್ಸು ಬರುವವಳಲ್ಲ. ತಲೆಯೆತ್ತಿ ನಡೆದು ಹೋಗಿ ಮಗಳನ್ನು ನೆಲದ ನಡುವೆ ನಿಲ್ಲಿಸಿ ಹಿಂದಕ್ಕೆ ಸರಿದೆ.

ಅವಳ ಮೈ ಒಮ್ಮೆ ನಡುಗಿತು. ಆಮೇಲೆ ಹೊನ್ನಿ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ತಂದಳು. ಬಲಗೈಯಿಂದ ಎಡ ಭುಜ, ಎಡಗೈಯಿಂದ ಬಲ ಭುಜ. ಹಿಡಿದಳು. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಳು. ಕೆನ್ನೆಯನ್ನು ಭುಜಕ್ಕೆ ಒತ್ತಿ ಕತ್ತನ್ನು ತಡೆದಳು. ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ನಾವು ಕಾದೆವು. ಐದು ನಿಮಿಷವಾಯಿತು, ಹತ್ತಾಯಿತು, ಭಟ್ಟಿಯ ಕೂಲಿಗಳೂ ಬಂದು ನಿಂತು ನೋಡಿದರು. "ಏನಾಯ್ತೇ ಭಾಗಿ? ಮಗು ಯಾಕೆ ತಿರುಗ್ತಿಲ್ಲ?" ಅಂದಳು ಜೈಬುನಕ್ಕ. ಇವಳಿಗೆ ಯಾರೂ ಏನೂ ಕಲಿಸುವುದಕ್ಕಾಗಲ್ಲ ಎಂದು ಊರೆಲ್ಲ ಅಂದಿತ್ತು. ನಾನು ಹತ್ತೇ ನಿಮಿಷದಲ್ಲಿ ಕಲಿಸಿದ್ದೆ.

ಓಡಿಹೋಗಿ ಅವಳ ಮುಂದೆ ಮಂಡಿಯೂರಿ ಕೂತೆ. "ತೋರ್ಸು ನನ್ನವ್ವ. ಇವತ್ತು ತಿರುಗ್ಬೋದು ಕಣೇ. ಕಿರುಚು, ಯಾರೂ ಏನೂ ಅನ್ನಲ್ಲ. ಶಾಲೆ ಎಲ್ಲಿದೆ ತೋರ್ಸು," ಎಂದು ಬೇಡಿಕೊಂಡೆ. ಭುಜಕ್ಕೆ ಕಚ್ಚಿಕೊಂಡಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಟ್ಟುಕೊಟ್ಟಳು. ಅವಳ ಕೈ ಮೇಲಕ್ಕೆ ಬಂತು, ದಿಕ್ಕು ತೋರಿಸುತ್ತಾಳೆಂದು ಎಲ್ಲರೂ ಹತ್ತಿರ ಸರಿದರು. ಹೊನ್ನಿ ನನ್ನ ಕೈಗಳನ್ನು ಹಿಡಿದುಕೊಂಡಳು. ಹಿಡಿದು ತನ್ನ ಎರಡೂ ಭುಜದ ಮೇಲೆ ಇಟ್ಟುಕೊಂಡು, ಮೇಲಿನಿಂದ ತನ್ನ ಕೈಯಿಟ್ಟು, ಬಿಡಬೇಡ ಅನ್ನುವ ಹಾಗೆ ಒತ್ತಿದಳು.